ಠರಾವು ಸುಲಭ, ಊದಿಸುವುದು ಕಷ್ಟ: ಕುಡಿದು ಗಾಡಿ ಓಡಿಸುವವರ ಬಗ್ಗೆ ತುಮಕೂರಿನ ಲೆಕ್ಕ

ಕುಡಿದು ಗಾಡಿ ಓಡಿಸಿದವನಿಂದ ಯಾರಾದರೂ ಸತ್ತರೆ ತುಮಕೂರು ಜಿಲ್ಲೆಯಲ್ಲಿ ಮುಂದೆ ಏನಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಒಂದರ್ಧ ಗಂಟೆ ರಸ್ತೆ ತಡೆ. ತಹಶೀಲ್ದಾರರಿಗೆ ಮನವಿ. ಮುಂದಿನ ಗ್ರಾಮಸಭೆಯಲ್ಲೋ, ಪುರಸಭೆಯ ಸಾಮಾನ್ಯ ಸಭೆಯಲ್ಲೋ ಒಬ್ಬರು ಎದ್ದು ನಿಂತು ‘ಕಾನೂನು ಇನ್ನೂ ಬಿಗಿ ಆಗಬೇಕು’ ಎನ್ನುತ್ತಾರೆ. ಯಾರೂ ವಿರೋಧಿಸುವುದಿಲ್ಲ. ಯಾಕೆ ವಿರೋಧಿಸುತ್ತಾರೆ ಹೇಳಿ? ನಡಾವಳಿ ಪುಸ್ತಕಕ್ಕೆ ಒಂದು ಸಾಲು ಸೇರುತ್ತದೆ. ಮೇಲಿನವರಿಗೆ ಒಂದು ಪತ್ರ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

ಈ ಬೆಂಬಲ ನಾಟಕ ಅಂತ ನಾನು ಹೇಳುತ್ತಿಲ್ಲ. ಗಂಡನೋ ಮಗನೋ ಬೈಕ್ ತಗೊಂಡು ಹೋಬಳಿ ಕಡೆ ಹೋದ ರಾತ್ರಿ ಫೋನ್ ಹಿಡಿದುಕೊಂಡು ಕೂರುವ ಹೆಂಗಸರಿಗೆ ಇದರಲ್ಲಿ ನಾಟಕ ಏನೂ ಇಲ್ಲ. ಆದರೆ ನಾವು ಕೇಳುತ್ತಿರುವುದು ಏನನ್ನು? ಬಿಗಿ ಕಾನೂನನ್ನು. ಅದು ಆಗಲೇ ನಮ್ಮ ಹತ್ತಿರ ಇದೆ. ಇಲ್ಲದೇ ಇರುವುದು ಬೇರೆ ಏನೋ. ಅದನ್ನು ಕೇಳುವ ಠರಾವು ನನ್ನ ಕಣ್ಣಿಗೆ ಬಿದ್ದಿದ್ದು ಅಪರೂಪ.

ಮೊದಲು ಕಾನೂನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಇಂಗ್ಲೆಂಡಿನಲ್ಲಿ ದಶಕಗಳಿಂದ ಈ ಮಿತಿ 80. ವಿಶ್ವ ಆರೋಗ್ಯ ಸಂಸ್ಥೆ ದೇಶಗಳಿಗೆ ಹೇಳುವ ಮಿತಿ 50, ಅದಕ್ಕಿಂತ ಕಡಿಮೆ ಇಟ್ಟರೆ ಇನ್ನೂ ಒಳ್ಳೆಯದು ಅಂತ. ನಾವು 30ಕ್ಕೇ ನಿಲ್ಲಿಸಿದ್ದೇವೆ.

30 ಅಂದರೆ ಎಷ್ಟು? ಬಾರಿನ ಭಾಷೆಯಲ್ಲಿ ಹೇಳಿದರೆ ಬೇಗ ಗೊತ್ತಾಗುತ್ತದೆ. ಒಂದು ನೈಂಟಿ, ಅಂದರೆ 90 ಮಿಲಿ ವಿಸ್ಕಿಯೋ ಬ್ರಾಂಡಿಯೋ, ಹೊಡೆದರೆ ಸಾಧಾರಣ ಮೈಕಟ್ಟಿನ ಗಂಡಸು ಈ ಮಿತಿಯ ಸುಮಾರು ಎರಡು ಪಟ್ಟಿಗೆ ಹೋಗುತ್ತಾನೆ. ಸಿಕ್ಸ್ಟಿ ಕೂಡ ಸಾಕು. ಇಳಿಯುವುದು ಮಾತ್ರ ನಿಧಾನ. ಗಂಟೆಗೆ ಹೆಚ್ಚು ಕಡಿಮೆ 15 ಮಿಲಿಗ್ರಾಂ. ರಾತ್ರಿ ಹನ್ನೊಂದಕ್ಕೆ ಪೂರ್ತಿ ಕ್ವಾಟರ್, ಅಂದರೆ 180 ಮಿಲಿ, ಮುಗಿಸಿ ಮಲಗಿದವನು ಬೆಳಿಗ್ಗೆ ಐದಕ್ಕೆ ಎದ್ದು ಡೈರಿಗೆ ಹಾಲು ಹಾಕಲು ಬೈಕ್ ಸ್ಟಾರ್ಟ್ ಮಾಡಿದರೆ, ಆಗಲೂ ಮಿತಿ ದಾಟಿಯೇ ಇರುವ ಸಾಧ್ಯತೆ ಜಾಸ್ತಿ. ಮಜ್ಜಿಗೆ, ನಿಂಬೆಹುಳಿ, ತಣ್ಣೀರ ಸ್ನಾನ ಯಾವುದೂ ಈ ವೇಗ ಬದಲಿಸುವುದಿಲ್ಲ. ಬಾಯಿ ವಾಸನೆ ಹೋಗಬಹುದು, ಅಷ್ಟೇ.

ಇನ್ನು ದಂಡ. 2019ರ ಆಗಸ್ಟ್‌ವರೆಗೆ ಮೊದಲ ಸಲ ಸಿಕ್ಕರೆ ಗರಿಷ್ಠ 2,000 ರೂಪಾಯಿ ಇತ್ತು. ಆ ವರ್ಷ ಸೆಪ್ಟೆಂಬರ್ 1ರಿಂದ 10,000 ಆಯಿತು. ಅದರ ಜೊತೆ, ಅಥವಾ ಅದರ ಬದಲು, ಆರು ತಿಂಗಳವರೆಗೆ ಜೈಲು. ಎರಡನೇ ಸಲ ಸಿಕ್ಕರೆ 15,000, ಎರಡು ವರ್ಷದವರೆಗೆ ಜೈಲು. ಅದೇ ಸೆಪ್ಟೆಂಬರ್‌ನಲ್ಲಿ ಜನರ ಗಲಾಟೆ ಜೋರಾಗಿ ಕರ್ನಾಟಕ ಸರ್ಕಾರ ಹೆಲ್ಮೆಟ್, ಸೀಟ್ ಬೆಲ್ಟ್ ತರಹದ ಹಲವು ದಂಡ ಇಳಿಸಿತು. ಕುಡಿತದ ಕೇಸಿಗೆ ಆ ರಿಯಾಯಿತಿ ಇಲ್ಲ. ಇದನ್ನು ರಸ್ತೆಯಲ್ಲೇ ರಸೀದಿ ಹರಿದು ಮುಗಿಸುವ ಹಾಗೂ ಇಲ್ಲ. ಕೋರ್ಟಿಗೆ ಹೋಗಲೇಬೇಕು. ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ.

10,000 ರೂಪಾಯಿ ಕಾರಿನವನಿಗೆ ಒಂದು ವೀಕೆಂಡ್ ಖರ್ಚು. ಕೂಲಿಗೆ ಹೋಗುವವನಿಗೆ? 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370. ಅಂದರೆ 27 ದಿನದ ದುಡಿಮೆ. ಹಳೇ ಬೈಕ್ ಮಾರಿದರೂ ಅಷ್ಟು ಹುಟ್ಟುವುದಿಲ್ಲ ಅಂತ ಗಾಡಿಯನ್ನೇ ಠಾಣೆ ಹತ್ತಿರ ಬಿಟ್ಟು ಹೋಗುವವರೂ ಇದ್ದಾರೆ. ದಂಡ ಕಡಿಮೆ ಅನ್ನುವ ವಾದಕ್ಕೆ ಇಲ್ಲಿ ಜಾಗ ಇಲ್ಲ.

ಜೀವ ಹೋದರೆ ಕಾನೂನು ಇನ್ನೂ ಮುಂದೆ ಹೋಗುತ್ತದೆ. ಐಪಿಸಿ 304ಎ ಇದ್ದಾಗ ಅಜಾಗರೂಕತೆಯ ಸಾವಿಗೆ ಗರಿಷ್ಠ ಎರಡು ವರ್ಷ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಅದು ಐದು ವರ್ಷ. ಕುಡಿದವನಿಗೆ ತಾನು ಮಾಡುತ್ತಿರುವುದು ಜೀವ ತೆಗೆಯಬಹುದು ಅನ್ನುವ ಅರಿವಿತ್ತು ಅಂತ ತೋರಿಸಿದರೆ ಅದಕ್ಕಿಂತ ದೊಡ್ಡ ಕಲಂ ಹಾಕಬಹುದು. ಮುಂಬೈನಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಗಳ ಮೇಲೆ ಕಾರು ಹರಿದು ಏಳು ಜನ ಸತ್ತ ಕೇಸಿನಲ್ಲಿ ಹಾಗೇ ಆಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬರೀ ಅಜಾಗರೂಕತೆ ಅಂತ ಒಪ್ಪಲಿಲ್ಲ.

ಇಷ್ಟೆಲ್ಲ ಇದ್ದೂ ಭಯ ಯಾಕಿಲ್ಲ? ಸಿಕ್ಕಿಬೀಳುವ ಭಯ ಇಲ್ಲ, ಅದಕ್ಕೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಪೊಲೀಸರು ಅಪರೂಪಕ್ಕೆ ಬ್ರೀತ್ ಅನಲೈಸರ್ ಯಂತ್ರಕ್ಕೆ ಊದಿಸುತ್ತಾರೆ. ಗುಬ್ಬಿ ಕಡೆಯ ಒಳರಸ್ತೆಗಳಲ್ಲಿ, ಕೊರಟಗೆರೆಯಿಂದ ಹಳ್ಳಿಗಳಿಗೆ ಹೋಗುವ ದಾರಿಗಳಲ್ಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ರಸ್ತೆಗಳಲ್ಲಿ ವರ್ಷಗಟ್ಟಲೆ ಕುಡಿದು ಓಡಾಡಿ ಒಂದು ಸಲವೂ ಊದದವರು ಎಷ್ಟು ಜನ ಬೇಕು? ಯಾವ ಊರಿನ ಅರಳಿಕಟ್ಟೆಯಲ್ಲಿ ಕೇಳಿದರೂ ಸಿಗುತ್ತಾರೆ. ಅಂಥವರ ಪಾಲಿಗೆ ದಂಡ 10,000 ಆದರೂ ಒಂದೇ, ಒಂದು ಲಕ್ಷ ಆದರೂ ಒಂದೇ.

ಇಲ್ಲಿ ಸರ್ಕಾರದ ಅಂಕಿಗಳನ್ನೂ ನೋಡಬೇಕು, ಸ್ವಲ್ಪ ಅನುಮಾನ ಇಟ್ಟುಕೊಂಡೇ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು. ಕರ್ನಾಟಕದಲ್ಲಿ 11,702. ಇದರಲ್ಲಿ ಕುಡಿತದಿಂದ ಆದ ಸಾವು ಎಷ್ಟು ಅಂತ ಕೇಂದ್ರದ ವರದಿ ನೋಡಿದರೆ ದೇಶಕ್ಕೆಲ್ಲ ಸೇರಿ ಶೇ 3ಕ್ಕಿಂತ ಕಡಿಮೆ. ಅತಿವೇಗದ ಲೆಕ್ಕಕ್ಕೆ ಹೋದ ಸಾವು ಶೇ 70ಕ್ಕಿಂತ ಜಾಸ್ತಿ. ನಮ್ಮ ಹೆದ್ದಾರಿ ಪಕ್ಕದ ಯಾವ ಊರಿನವರಿಗಾದರೂ ಈ ಶೇ 3 ಓದಿ ಹೇಳಿ, ನಕ್ಕುಬಿಡುತ್ತಾರೆ.

ಅಂಕಿ ಸುಳ್ಳು ಅಂತಲ್ಲ. ಅಳೆಯದೇ ಇದ್ದದ್ದು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಅಪಘಾತ ಆದ ಕೂಡಲೇ ಬರೆಯುವ ಎಫ್‌ಐಆರ್‌ಗೆ ಒಂದು ಅಚ್ಚಿದೆ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’. ಚಾಲಕ ಕುಡಿದಿದ್ದನೋ, ನಿದ್ದೆಗಣ್ಣಲ್ಲಿದ್ದನೋ, ಗುಂಡಿ ತಪ್ಪಿಸಲು ಹೋದನೋ, ಎಲ್ಲವೂ ಆ ಒಂದು ಸಾಲಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಆ ಸಾಲು ವರದಿಯಲ್ಲಿ ‘ಅತಿವೇಗ’ ಆಗುತ್ತದೆ.

ತಾಲೂಕು ಆಸ್ಪತ್ರೆಯ ರಾತ್ರಿಯನ್ನು ನೆನೆಸಿಕೊಳ್ಳಿ. ಬೈಕ್‌ನಿಂದ ಬಿದ್ದವನನ್ನು ಆಟೋದಲ್ಲೋ ಆಂಬುಲೆನ್ಸ್‌ನಲ್ಲೋ ತಂದಿದ್ದಾರೆ. ಡ್ಯೂಟಿ ಡಾಕ್ಟರ್ ಒಬ್ಬರೇ. ರಕ್ತ ನಿಲ್ಲಿಸಿ, ಡ್ರಿಪ್ ಹಾಕಿ, ತುಮಕೂರಿಗೋ ಬೆಂಗಳೂರಿಗೋ ಬರೆದು ಕಳಿಸಬೇಕು. ಪೊಲೀಸರು ಇನ್ನೂ ಸ್ಥಳ ಮಹಜರಿಗೆ ಹೋಗಿದ್ದಾರೆ. ಮನೆಯವರು ಡಾಕ್ಟರ ಪಕ್ಕಕ್ಕೆ ಬಂದು ಮೆಲ್ಲಗೆ ‘ಕುಡಿದಿದ್ದ ಅಂತ ಮಾತ್ರ ಬರೀಬೇಡಿ ಸಾರ್, ಇನ್ಶೂರೆನ್ಸ್ ಬರಲ್ಲ’ ಎನ್ನುತ್ತಾರೆ. ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಕುಡಿದು ಓಡಿಸಿದರೆ ಗಾಡಿಯ ಸ್ವಂತ ನಷ್ಟದ ಕ್ಲೇಮನ್ನು ವಿಮಾ ಕಂಪನಿ ತಳ್ಳಿಹಾಕುತ್ತದೆ. ಎದುರು ಪಾರ್ಟಿಗೆ ಕೊಡಬೇಕಾದ ಪರಿಹಾರದ ವಿಷಯದಲ್ಲೂ ಕುಡಿತವನ್ನು ಮುಂದಿಟ್ಟು ತಕರಾರು ಎತ್ತಲು ಕಾಯ್ದೆ ಅವಕಾಶ ಕೊಡುತ್ತದೆ. ಕೊನೆಗೆ ಕೇಸ್ ಶೀಟಿನಲ್ಲಿ ಉಳಿಯುವುದು ಹೆಚ್ಚೆಂದರೆ ‘ಮದ್ಯದ ವಾಸನೆ ಇತ್ತು’ ಅನ್ನುವ ಮಾತು. ವಾಸನೆಗೆ ಮಿಲಿಗ್ರಾಂ ಇಲ್ಲ.

ಕಾನೂನು ಇದನ್ನೂ ಯೋಚನೆ ಮಾಡಿದೆ. ಮೋಟಾರು ವಾಹನ ಕಾಯ್ದೆಯ 203ನೇ ಕಲಂ ಪ್ರಕಾರ ಅಪಘಾತದಲ್ಲಿ ಭಾಗಿಯಾದ ಚಾಲಕನನ್ನು ಪೊಲೀಸರು ಊದಿಸಬಹುದು. ಅವನು ಆಸ್ಪತ್ರೆಯಲ್ಲಿದ್ದರೆ ಅಲ್ಲೇ. 204ರಲ್ಲಿ ರಕ್ತ ಪರೀಕ್ಷೆಗೆ ದಾರಿ ಇದೆ. 202ರಲ್ಲಿ ಒಂದು ಗಡುವೂ ಇದೆ. ಕುಡಿದು ಓಡಿಸಿದ ಅಂತ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ತುಮಕೂರು ನಗರದಲ್ಲಿ ಎರಡು ಗಂಟೆ ಧಾರಾಳ. ಪಾವಗಡದ ಮೂಲೆಯ ಹಳ್ಳಿಯಲ್ಲಿ, ರಾತ್ರಿ ಡಾಕ್ಟರ್ ಸಿಗದ ಕಡೆ, ಎರಡು ಗಂಟೆ ಅನ್ನುವುದು ಆರೋಪಿಗೆ ಸಿಕ್ಕ ಉಡುಗೊರೆ.

ರಕ್ತದ ಸ್ಯಾಂಪಲ್ ಅಂದಾಗ 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಡೆದದ್ದು ನೆನಪಾಗಬೇಕು. ಇಬ್ಬರು ಟೆಕಿಗಳ ಜೀವ ತೆಗೆದ ಪೋರ್ಷೆ ಕಾರಿನ ಕೇಸ್. ಅದರಲ್ಲಿ ರಕ್ತದ ಸ್ಯಾಂಪಲ್ಲೇ ಬದಲಾಯಿತು ಅನ್ನುವ ಆರೋಪದ ಮೇಲೆ ವೈದ್ಯರ ಬಂಧನ ಆಯಿತು. ಅಷ್ಟು ದೊಡ್ಡ ನಗರದಲ್ಲಿ, ಟಿವಿ ಕ್ಯಾಮೆರಾಗಳ ಎದುರು ಹೀಗೆ. ಎರಡು ಸಾಲಿನ ಸುದ್ದಿಯೂ ಆಗದ ನಮ್ಮ ಕೇಸುಗಳಲ್ಲಿ ಸ್ಯಾಂಪಲ್ ಬದಲಿಸುವ ಕಷ್ಟ ಯಾರಿಗೂ ಇಲ್ಲ. ಅದನ್ನು ತೆಗೆಯದಿದ್ದರೆ ಸಾಕು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಅಪಘಾತವನ್ನೂ ಎಣ್ಣೆ ಮೇಲೆ ಹಾಕುವುದೂ ಸೋಮಾರಿತನವೇ. 2022ರ ಆಗಸ್ಟ್‌ನಲ್ಲಿ ಶಿರಾ ತಾಲೂಕಿನ ಕಳ್ಳಂಬೆಳ್ಳ ಹತ್ತಿರ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೊರಟ ಬಡವರು. ಒಂದು ಕ್ರೂಸರ್‌ನಲ್ಲಿ ಅಷ್ಟೊಂದು ಜನ ಯಾಕೆ ಕೂರಬೇಕಾಯಿತು ಅನ್ನುವುದು ಅಲ್ಲಿಯ ಪ್ರಶ್ನೆ. 2023ರ ಅಕ್ಟೋಬರ್‌ನಲ್ಲಿ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಸುಮೋ ಗುದ್ದಿ 13 ಜನ ಹೋದರು. ಬೆಳಗಿನ ಜಾವದ ಮಂಜು, ಹೆದ್ದಾರಿ ಪಕ್ಕ ನಿಂತ ಭಾರಿ ಗಾಡಿ. ಇವುಗಳಿಗೆ ಬ್ರೀತ್ ಅನಲೈಸರ್ ಉತ್ತರ ಅಲ್ಲ.

ಹಾಗಾದರೆ ಊದಿಸುವುದರಿಂದ ನಿಜವಾಗಿ ಏನಾದರೂ ಆಗುತ್ತದಾ? ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉತ್ತರ ಇದೆ. ಅದು ಸಿಗುವುದು ರಾಜಸ್ಥಾನದಲ್ಲಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಡೇನಿಯಲ್ ಕೆನಿಸ್ಟನ್ ಮತ್ತು ಅಲ್ಲಿನ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಸೇರಿ ರಾಜಸ್ಥಾನ ಪೊಲೀಸರ ಜೊತೆ ಒಂದು ಪ್ರಯೋಗ ಮಾಡಿದರು. ಲಾಟರಿ ಎತ್ತಿ ಠಾಣೆಗಳನ್ನು ಗುಂಪು ಮಾಡಿದರು. ಕೆಲವು ಠಾಣೆಗಳಲ್ಲಿ ರಾತ್ರಿ ತಪಾಸಣೆ ಪ್ರತಿ ಸಲ ಒಂದೇ ಜಾಗದಲ್ಲಿ, ಅತಿ ಹೆಚ್ಚು ಗಾಡಿ ಓಡಾಡುವ ರಸ್ತೆಯಲ್ಲಿ. ಇನ್ನು ಕೆಲವು ಠಾಣೆಗಳಲ್ಲಿ ಮೂರು ಜಾಗಗಳ ನಡುವೆ ಬದಲಾಯಿಸುತ್ತಾ, ಇವತ್ತು ಎಲ್ಲಿ ಅಂತ ಗೊತ್ತಾಗದ ಹಾಗೆ. ಉಳಿದ ಠಾಣೆಗಳಲ್ಲಿ ಮಾಮೂಲಿನಂತೆ.

ಫಲಿತಾಂಶ ನೋಡಿ. ಒಂದೇ ಜಾಗದಲ್ಲಿ ನಿಂತ ಕಡೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಜಾಗ ಬದಲಾಯಿಸಿದ ಕಡೆ ರಾತ್ರಿ ಅಪಘಾತ ಸುಮಾರು ಶೇ 17, ರಾತ್ರಿ ಸಾವು ಸುಮಾರು ಶೇ 25 ಇಳಿಯಿತು. ಜನ ಬೇಗ ಕಲಿಯುತ್ತಾರೆ. ಪೊಲೀಸರು ಮೇನ್ ರೋಡಲ್ಲಿ ನಿಂತರೆ ಕುಡಿದವರು ಒಳರಸ್ತೆ ಹಿಡಿಯುತ್ತಾರೆ. ಒಳರಸ್ತೆಯಲ್ಲೂ ಸಿಗಬಹುದು ಅಂತ ಗೊತ್ತಾದಾಗ ಮಾತ್ರ ಗಾಡಿ ತೆಗೆಯುವ ಮೊದಲು ಯೋಚನೆ ಮಾಡುತ್ತಾರೆ.

ಆ ಪ್ರಯೋಗದಲ್ಲಿ ಇನ್ನೊಂದು ಅಂಶ ಇತ್ತು, ನಮ್ಮಲ್ಲಿ ಅದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಠಾಣೆಯ ಮಾಮೂಲಿ ಸಿಬ್ಬಂದಿಗಿಂತ ಪೊಲೀಸ್ ಲೈನ್‌ನಿಂದ, ಅಂದರೆ ಜಿಲ್ಲೆಯ ಮೀಸಲು ಪಡೆಯಿಂದ, ಕಳಿಸಿದ ತಂಡಗಳು ಈ ಕೆಲಸ ಚೆನ್ನಾಗಿ ಮಾಡಿದವು. ಕೆಲಸ ನೋಡಿಕೊಂಡು ಒಳ್ಳೆಯ ಪೋಸ್ಟಿಂಗ್ ಸಿಗಬಹುದು ಅನ್ನುವ ಆಸೆ ಅವರಿಗಿತ್ತು. ಅವರ ಗಾಡಿಗಳ ಮೇಲೆ, ಅವರು ಎಲ್ಲಿದ್ದಾರೆ ಅನ್ನುವುದರ ಮೇಲೆ ನಿಗಾ ಕೂಡ ಇತ್ತು.

ಇದನ್ನು ತುಮಕೂರಿಗೆ ತಂದು ನೋಡಿ. ಕ್ಯಾತಸಂದ್ರದ ಹತ್ತಿರ, ಬಟವಾಡಿ ಹತ್ತಿರ ತಪಾಸಣೆ ಅಂದರೆ ಹತ್ತು ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ ಬರುತ್ತದೆ: ‘ಊದಿಸ್ತಾವ್ರೆ, ರಿಂಗ್ ರೋಡಲ್ಲಿ ಬಾ.’ ಒಂದೇ ಸರ್ಕಲ್‌ನಲ್ಲಿ ಇಡೀ ರಾತ್ರಿ ನಿಲ್ಲುವ ಜೀಪಿಗಿಂತ ಮುಕ್ಕಾಲು ಗಂಟೆಗೊಮ್ಮೆ ಜಾಗ ಬದಲಿಸುವ ಒಂದು ಬೈಕ್ ಪಾಳಿ ಜಾಸ್ತಿ ಕೆಲಸ ಮಾಡುತ್ತದೆ. ವೀಕೆಂಡ್‌ನಲ್ಲಿ ದೇವರಾಯನದುರ್ಗದಿಂದ ಇಳಿಯುವ ಕಾರುಗಳು, ವಸಂತನರಸಾಪುರದಲ್ಲಿ ಶಿಫ್ಟ್ ಬಿಟ್ಟ ಮೇಲಿನ ಬೈಕ್‌ಗಳು, ಕುಣಿಗಲ್ ಹೆದ್ದಾರಿಯ ಢಾಬಾಗಳಿಂದ ಹೊರಡುವ ಲಾರಿಗಳು, ಇವುಗಳ ಹೊತ್ತು ಬೇರೆ, ದಾರಿ ಬೇರೆ. ಇನ್ನು ಹೊಸತೊಡಕು. ಯುಗಾದಿ ಮಾರನೇ ದಿನ ನಮ್ಮ ಬಯಲುಸೀಮೆಯಲ್ಲಿ ಬಾಡೂಟ, ಇಸ್ಪೀಟು, ಎಣ್ಣೆ ಮೂರೂ ಮಧ್ಯಾಹ್ನವೇ ಶುರು. ಅವತ್ತು ರಾತ್ರಿ ಒಂಬತ್ತಕ್ಕೆ ನಾಕಾಬಂದಿ ಹಾಕಿದರೆ ಆಗಬೇಕಾದ್ದು ಆಗಿಹೋಗಿರುತ್ತದೆ. ದಿನ, ಹೊತ್ತು, ದಾರಿ ಇವು ಯಾವುದೂ ಪೊಲೀಸ್ ಕಚೇರಿಯಲ್ಲಿ ಕೂತು ಗೊತ್ತಾಗುವಂಥದ್ದಲ್ಲ. ಗ್ರಾಮ ಪಂಚಾಯಿತಿಯವರಿಗೆ ಬಾಯಿಪಾಠ. ಯಾವ ಊರಿನ ಜಾತ್ರೆ ಯಾವತ್ತು, ಯಾವ ಮಾರಿಹಬ್ಬಕ್ಕೆ ಎಷ್ಟು ನೆಂಟರು ಬರುತ್ತಾರೆ, ಯಾವ ತಿರುವಿನಲ್ಲಿ ಬೈಕ್ ಬೀಳುತ್ತವೆ, ಎಲ್ಲವೂ ಅವರಿಗೆ ಗೊತ್ತು.

ಸ್ಥಳೀಯ ಸರ್ಕಾರದ ಬೆಂಬಲ ಅಂದಾಗ ನನಗೆ ಕಾಣುವುದು ಇದೇ. ಕಾನೂನು ಬದಲಿಸುವ ಅಧಿಕಾರ ಪಂಚಾಯಿತಿಗೂ ಇಲ್ಲ, ನಗರಸಭೆಗೂ ಇಲ್ಲ. ವಾಹನದ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಮದ್ಯ ರಾಜ್ಯ ಪಟ್ಟಿಯಲ್ಲಿದೆ, ಪೊಲೀಸ್ ಕೂಡ ರಾಜ್ಯದ್ದು. 2023ರಲ್ಲಿ ಗೃಹ ಖಾತೆ ವಹಿಸಿಕೊಂಡ ಜಿ. ಪರಮೇಶ್ವರ ನಮ್ಮ ಕೊರಟಗೆರೆಯ ಶಾಸಕರೇ, ಹಾಗಾಗಿ ಬೆಂಗಳೂರಿಗೆ ದಾರಿ ತೀರಾ ದೂರ ಏನಿಲ್ಲ. ಆದರೆ ಎಲ್ಲದಕ್ಕೂ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 215ನೇ ಕಲಂನಲ್ಲೇ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುವ ಜಾಗ ಅದು. ಅಲ್ಲಿ ಹಂಪ್ಸ್, ಬೀದಿದೀಪ, ಪದೇ ಪದೇ ಅಪಘಾತ ಆಗುವ ‘ಬ್ಲ್ಯಾಕ್ ಸ್ಪಾಟ್’ ಜಾಗಗಳ ಬಗ್ಗೆ ಬೇಕಾದಷ್ಟು ಮಾತು ನಡೆಯುತ್ತದೆ. ಹೋದ ತಿಂಗಳು ಎಷ್ಟು ಜನರನ್ನು ಊದಿಸಿದಿರಿ, ಎಷ್ಟು ಅಪಘಾತದಲ್ಲಿ ಚಾಲಕನ ರಕ್ತ ತೆಗೆದಿರಿ ಅನ್ನುವುದೂ ಪ್ರತಿ ಸಭೆಯ ಮೊದಲ ಪ್ರಶ್ನೆ ಆಗಬೇಕು.

ಇದನ್ನು ಕೇಳಬೇಕಾದವರು ಚುನಾಯಿತರು. ಇಲ್ಲೊಂದು ಬೇಸರದ ಸಂಗತಿ ಇದೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತಗಾರರು. ಬಿಗಿ ಕಾನೂನಿಗೆ ‘ಜಿಲ್ಲೆಯ ಬೆಂಬಲ’ ಅಂದರೆ ಯಾರ ಬೆಂಬಲ? ಅಧಿಕಾರಿ ಅಧಿಕಾರಿಗೆ ಬರೆದ ಪತ್ರವಾ?

ಈಗ ಎಲ್ಲರೂ ಸುಮ್ನೆ ದಾಟಿ ಹೋಗುವ ವಿಷಯಕ್ಕೆ ಬರೋಣ. ದುಡ್ಡು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷೆ ಮಾಡಿದ ಆದಾಯ 40,000 ಕೋಟಿ ರೂಪಾಯಿ. ಜಿಲ್ಲೆ ಜಿಲ್ಲೆಗೂ ಗುರಿ ಇರುತ್ತದೆ. ಒಂದು ಇಲಾಖೆಗೆ ಹೆಚ್ಚು ಮಾರಿಸುವ ಗುರಿ, ಇನ್ನೊಂದು ಇಲಾಖೆಗೆ ಕುಡಿದವರನ್ನು ಹಿಡಿಯುವ ಕೆಲಸ. ಇಬ್ಬರಿಗೂ ಸಂಬಳ ಒಂದೇ ಖಜಾನೆಯಿಂದ. ಇದನ್ನು ಬೈಯುವುದು ಸುಲಭ. ಆದರೆ ಗ್ಯಾರಂಟಿಗಳಿಗೂ ಶಾಲೆಗಳಿಗೂ ಹೋಗುವ ಹಣದಲ್ಲಿ ಇದೂ ಸೇರಿದೆ ಅನ್ನುವುದನ್ನು ಒಪ್ಪಿಕೊಂಡೇ ಮಾತಾಡಬೇಕು.

ಮದ್ಯದಂಗಡಿ ಎಲ್ಲಿರಬೇಕು ಅನ್ನುವ ಜಗಳವೂ ರಸ್ತೆ ಸುರಕ್ಷತೆಯ ಹೆಸರಿನಲ್ಲೇ ನಡೆದಿದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಅಂದಿತು. 2017ರ ಮಾರ್ಚ್ ಕೊನೆಗೆ, 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದು 220 ಮೀಟರ್ ಆಯಿತು. ಅದೇ ಜುಲೈನಲ್ಲಿ ನಗರ, ಪಟ್ಟಣಗಳ ವ್ಯಾಪ್ತಿಗೆ ಈ ಆದೇಶ ಅನ್ವಯಿಸಬೇಕಾಗಿಲ್ಲ ಅನ್ನುವ ಸ್ಪಷ್ಟನೆ ಬಂತು. ಏಳೇ ತಿಂಗಳಲ್ಲಿ ಹೀಗೆ ಸವೆಯಿತು. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಅನ್ನುವ ರಾಜ್ಯದ ಅಬಕಾರಿ ನಿಯಮ ಮೊದಲಿನಿಂದ ಇದೆ. ಪಂಚಾಯಿತಿಯವರು ಟೇಪು ಹಿಡಿದು ಅಳೆದು ದೂರು ಕೊಟ್ಟರೆ ಕೆಲಸಕ್ಕೆ ಬರುವುದು ಅದು.

ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಅರ್ಧಕ್ಕಿಂತ ಜಾಸ್ತಿ ವೋಟು ಹಾಕಿ ಅಂಗಡಿ ಮುಚ್ಚಿಸುವ ನಿಯಮ ಇದೆ. ರಾಜಸ್ಥಾನದ ರಾಜಸಮಂದ್ ಜಿಲ್ಲೆಯ ಕಾಛಬಲಿ ಪಂಚಾಯಿತಿ 2016ರಲ್ಲಿ ವೋಟು ಹಾಕಿಯೇ ಅಂಗಡಿ ಮುಚ್ಚಿಸಿತು. ನಮ್ಮಲ್ಲಿ ಪರವಾನಗಿ ಅಬಕಾರಿ ಇಲಾಖೆಯ ಕೈಯಲ್ಲಿದೆ. ಗ್ರಾಮಸಭೆಯ ಠರಾವು ಅವರಿಗೆ ಒಂದು ಅಭಿಪ್ರಾಯ ಮಾತ್ರ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಬೇಕು ಅಂತ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹಿರಿಯೂರು, ಶಿರಾ, ತುಮಕೂರು, ಇದೇ ಹೆದ್ದಾರಿಯಲ್ಲಿ ಚಳಿಯಲ್ಲಿ ನಡೆದುಕೊಂಡು ಹೋದರು. ಅವರು ಕೇಳಿದ್ದು ಸಿಗಲಿಲ್ಲ.

ನಾನು ಆ ಹೆಂಗಸರ ಪರ. ಆದರೂ ರಸ್ತೆಯ ಲೆಕ್ಕದಲ್ಲಿ ಒಂದು ಇಕ್ಕಟ್ಟಿದೆ. ಊರಿನ ಅಂಗಡಿ ಮುಚ್ಚಿಸಿದರೆ ಕುಡಿಯುವವನು ಆರು ಕಿಲೋಮೀಟರ್ ದೂರದ ಹೋಬಳಿಗೆ ಹೋಗುತ್ತಾನೆ. ಹೋಗುವಾಗ ಸರಿಯಾಗಿಯೇ ಹೋಗುತ್ತಾನೆ. ಬರುವಾಗ ಆ ಆರು ಕಿಲೋಮೀಟರನ್ನು ಬೈಕ್ ಮೇಲೆ, ಹೆಲ್ಮೆಟ್ ಇಲ್ಲದೆ, ಕತ್ತಲಲ್ಲಿ, ಹಿಂದೆ ಒಬ್ಬನನ್ನು ಕೂರಿಸಿಕೊಂಡು ಬರುತ್ತಾನೆ. ಮುಂಚೆ ಊರಲ್ಲೇ ಕುಡಿದು ತೂರಾಡಿಕೊಂಡು ನಡೆದು ಮನೆ ಸೇರುತ್ತಿದ್ದ. ಅಂಗಡಿ ಮುಚ್ಚಿಸುವುದರಿಂದ ಮನೆಯ ಜಗಳ, ಸಾಲ, ಹೊಡೆತ ಕಡಿಮೆಯಾಗಬಹುದು. ಅದಕ್ಕೇ ಅದು ಬೇಕು. ಆದರೆ ಅದೊಂದರಿಂದಲೇ ಅಪಘಾತವೂ ಕಡಿಮೆಯಾಗುತ್ತದೆ ಅಂತ ಬರೆದುಕೊಡಲು ನನಗೆ ಧೈರ್ಯ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರಲ್ಲಿ ಶೇ 44ರಷ್ಟು ಜನ ದ್ವಿಚಕ್ರ ವಾಹನದವರು. ಅತಿ ಹೆಚ್ಚು ಅಪಘಾತ ಆಗುವುದು ಸಂಜೆ ಆರರಿಂದ ಒಂಬತ್ತರ ಒಳಗೆ. ಹೋಬಳಿಯಿಂದ ಹಳ್ಳಿಗೆ ವಾಪಸ್ ಬರುವ ಹೊತ್ತೂ ಅದೇ.

ವಾಪಸ್ ಬರುವ ದಾರಿ ಬಗ್ಗೆ ಯಾರೂ ಠರಾವು ಮಾಡುವುದಿಲ್ಲ. ಬಾರ್ ಬಾಗಿಲು ಹಾಕುವ ಹೊತ್ತಿಗೆ ಹಳ್ಳಿಗೆ ಬಸ್ಸು ಇರುವುದಿಲ್ಲ. ಆಟೋದವನು ರಾತ್ರಿ ಕೇಳುವ ದುಡ್ಡು ಕ್ವಾಟರ್‌ಗಿಂತ ಜಾಸ್ತಿ. ಬಾರ್‌ಗಳ ಮುಂದೆ ಸಾಲಾಗಿ ನಿಂತ ಬೈಕ್‌ಗಳನ್ನು ನೋಡಿದರೆ ಸಾಕು, ಅವುಗಳ ಯಜಮಾನರು ಒಳಗೆ ಏನು ಮಾಡುತ್ತಿದ್ದಾರೆ ಅಂತ ಊಹಿಸಬೇಕಾಗಿಲ್ಲ. ಬೀಗದ ಕೈ ಇಟ್ಟುಕೊಂಡು ಬೆಳಿಗ್ಗೆ ಕೊಡುವ ವ್ಯವಸ್ಥೆ, ರಾತ್ರಿ ಗಾಡಿ ಬಿಟ್ಟುಹೋಗಲು ದೀಪ ಇರುವ ಜಾಗ, ಹತ್ತರ ಮೇಲೆ ಗೊತ್ತಾದ ದರಕ್ಕೆ ಬರುವ ನಾಲ್ಕು ಆಟೋಗಳ ನಂಬರು. ಪುರಸಭೆಯೊಂದು ಬಾರ್ ಮಾಲೀಕರನ್ನು ಕರೆದು ಮಾತಾಡಿದರೆ ಇಷ್ಟು ಮಾಡಬಹುದು. ಕುಡಿಯುವವರಿಗೆ ಅನುಕೂಲ ಮಾಡಿಕೊಡೋದಾ ಅಂತ ಕೆಲವರು ಸಿಟ್ಟಾಗುತ್ತಾರೆ, ಗೊತ್ತು. ಎದುರಿನಿಂದ ಬರುವವರಿಗೆ ಅನುಕೂಲ ಅಂತ ಅಂದುಕೊಳ್ಳಿ.

ಲೈಸೆನ್ಸ್ ಇಲ್ಲದ ಮಾರಾಟ ಬೇರೆ ಇದೆ. ಪೆಟ್ಟಿಗೆ ಅಂಗಡಿಯಲ್ಲಿ ಟೆಟ್ರಾ ಪ್ಯಾಕ್ ಸಿಗುವುದು, ಢಾಬಾದ ಹಿಂದಿನ ಮೇಜಿನಲ್ಲಿ ಗ್ಲಾಸು ಇಡುವುದು. ಇದಕ್ಕೆ ಅಬಕಾರಿ ಕಾಯ್ದೆಯ 15ಎ ತರಹದ ಕಲಂಗಳು ಆಗಲೇ ಇವೆ. ಯಾವ ಅಂಗಡಿ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು.

ಕೊನೆಯದಾಗಿ ಫೋನ್ ಕಾಲ್. ಕುಡಿತದ ತಪಾಸಣೆಯಲ್ಲಿ ಸಿಕ್ಕವನು ಮೊದಲು ಮಾಡುವ ಕೆಲಸ ಯಾರಿಗಾದರೂ ಫೋನ್ ಮಾಡುವುದು. ಆ ಕಡೆ ಇರುವವರು ಪಂಚಾಯಿತಿ ಸದಸ್ಯರೋ, ಮಾಜಿ ಅಧ್ಯಕ್ಷರೋ, ಪಕ್ಷದ ಮುಖಂಡರೋ. ‘ನಮ್ ಹುಡುಗ ಸಾರ್, ಈ ಸಲ ಬಿಟ್ಟುಬಿಡಿ.’ ಬಿಗಿ ಕಾನೂನಿಗೆ ಕೈ ಎತ್ತಿದವರೇ ಈ ಫೋನನ್ನೂ ಎತ್ತುತ್ತಾರೆ. ದಂಡ 2,000 ಇದ್ದಾಗ ಇಂಥ ಫೋನ್ ಕಡಿಮೆ ಇತ್ತೇನೋ. 10,000 ಆದ ಮೇಲೆ ಬಿಡಿಸಿಕೊಳ್ಳುವ ಆಸೆಯೂ ಜಾಸ್ತಿ, ಅಲ್ಲೇ ಮುಗಿಸುವ ಆಸೆಯೂ ಜಾಸ್ತಿ. ಇನ್ನೂ ಏರಿಸಿದರೆ ಈ ಸಂತೆ ಇನ್ನೂ ಜೋರಾಗುತ್ತದೆ. ಹಾಗಾಗಿ ದಂಡ ಏರಿಸುವ ಠರಾವಿಗೆ ನನ್ನ ವೋಟಿಲ್ಲ.

ಕೇಸ್ ದಾಖಲಾದರೆ ಅದನ್ನು ರಸ್ತೆಯಲ್ಲಿ ಮುಗಿಸುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಅಂದರೆ ಫೋನ್ ಕೆಲಸ ಮಾಡುವುದು ಊದಿದ ಹೊತ್ತಿಗೂ ಕೇಸ್ ಬರೆಯುವ ಹೊತ್ತಿಗೂ ನಡುವಿನ ಐದು ಹತ್ತು ನಿಮಿಷದಲ್ಲಿ. ಪೊಲೀಸರ ಕೈಲಿರುವ ಈಗಿನ ಬಹುತೇಕ ಯಂತ್ರಗಳು ಓದಿದ್ದನ್ನು ಪ್ರಿಂಟ್ ಕೊಡುತ್ತವೆ, ಒಳಗೂ ಉಳಿಸಿಕೊಳ್ಳುತ್ತವೆ. ತಾರೀಖು, ಹೊತ್ತು, ಎಷ್ಟು ಬಂತು ಎಲ್ಲ ಇರುತ್ತದೆ. ಯಾರ ಹೆಸರೂ ಬೇಡ. ಹೋದ ತಿಂಗಳು ಯಂತ್ರ 30 ದಾಟಿ ತೋರಿಸಿದ್ದು ಎಷ್ಟು ಸಲ, ಕೋರ್ಟಿಗೆ ಹೋದ ಕೇಸ್ ಎಷ್ಟು ಅಂತ ಠಾಣೆವಾರು ಎರಡು ಸಂಖ್ಯೆಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಪ್ರತಿ ತಿಂಗಳು ತರಿಸಿಕೊಂಡು ಪಂಚಾಯಿತಿಗಳಿಗೆ ಕಳಿಸಬಹುದು. ಇದಕ್ಕೆ ಸಂಸತ್ತು ಬೇಡ, ವಿಧಾನಸಭೆ ಬೇಡ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ‘ಕಾನೂನು ಬಿಗಿ ಆಗಬೇಕು’ ಅನ್ನುವ ಸಾಲಿನ ಬದಲು ಈ ಎರಡು ಸಂಖ್ಯೆ ಕೊಡಿ ಅನ್ನುವ ಸಾಲು ಬರೆಸಿದರೆ ಠಾಣೆಯವರು ಏನು ಉತ್ತರ ಕೊಡುತ್ತಾರೆ ಅಂತ ನೋಡುವ ಕುತೂಹಲ ನನಗಿದೆ.